ಕೇಳುವವರಿಲ್ಲದ ಸಂಗೀತಕ್ಕೆ ಕಿವಿಯಾದವರು

(ಶತಮಾನೋತ್ಸವದ ಅಂಗವಾಗಿ, ಸಂತ ಸಿಸಿಲಿಯಾ ಅವರ ಹಬ್ಬದಂದು ಗಾನವೃಂದದವರನ್ನೂ ಧರ್ಮಕೇಂದ್ರದ ಜನರನ್ನೂ ಉದ್ದೇಶಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಊರಿನ ಹೆಸರಿಗೆ ಮೂಲ ಯಾವುದು ಎಂಬುದನ್ನು ಪಂಡಿತರು ನಿರ್ಣಯಿಸಲಿ. ಆದರೆ ಅದನ್ನು ಉಚ್ಚರಿಸುವಾಗಲೆಲ್ಲ ನನಗೆ ಒಂದು ಸಂತೋಷ ಉಂಟಾಗುತ್ತದೆ. ಕವಿತಾಳ! ಕವಿಯೂ ಇದ್ದಾನೆ, ತಾಳವೂ ಇದೆ. ಇನ್ನು ಬೇಕಾದುದು ಹಾಡುವ ಕಂಠ ಮತ್ತು ಕೇಳುವ ಕಿವಿ. ಕಂಠದ ವಿಷಯದಲ್ಲಿ ನಮ್ಮ ಗಾನವೃಂದದವರು ಈ ಶತಮಾನೋತ್ಸವದ ವರ್ಷದಲ್ಲಿ ನಮಗೆ ಯಾವ ಕೊರತೆಯನ್ನೂ ಮಾಡಿಲ್ಲ. ಆದುದರಿಂದ ಈ ದಿನ ನಾನು ಕಿವಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ನವೆಂಬರ್ 22 ಸಂತ ಸಿಸಿಲಿಯಾ ಅವರ ಹಬ್ಬ. ಸಂಗೀತಗಾರರ ಪಾಲಕಿಯಾದ ಈ ರಕ್ತಸಾಕ್ಷಿಯ ಬಗ್ಗೆ ಧರ್ಮಸಭೆಯ ಪರಂಪರೆ ಹೇಳುವ ಮಾತು ಗಮನಿಸತಕ್ಕದ್ದು. ಆಕೆಯ ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ತನ್ನ ಹೃದಯದೊಳಗೇ ದೇವರಿಗೆ ಹಾಡುತ್ತಿದ್ದಳಂತೆ. ಅಂದರೆ ಹೊರಗಿನ ಸದ್ದಿನ ನಡುವೆ ಒಳಗಿನ ಸಂಗೀತವನ್ನು ಕೇಳಿಸಿಕೊಂಡವಳು ಸಂಗೀತದ ಪಾಲಕಿಯಾದಳು. ಸಂಗೀತವನ್ನು ರಚಿಸುವವರು ಕೆಲವರು, ನುಡಿಸುವವರು ಕೆಲವರು. ಕೇಳುವುದು ಮಾತ್ರ ಎಲ್ಲರಿಗೂ ದೇವರು ಕೊಟ್ಟಿರುವ ಕೆಲಸ. ಆ ಕೆಲಸವನ್ನು ಪ್ರೀತಿಯಿಂದ ಮಾಡಿದ ಒಬ್ಬ ಅರಸರ ಕಥೆಯನ್ನು ಮತ್ತು ಅವರ ಪ್ರೀತಿಯಿಂದ ಉಳಿದುಕೊಂಡ ಒಬ್ಬ ಸಂಗೀತ ರಚನಕಾರರ ಕಥೆಯನ್ನು ನಿಮಗೆ ಹೇಳುತ್ತೇನೆ. ಅರಸರು ಮೈಸೂರಿನವರು. ರಚನಕಾರರು ರಷ್ಯ ದೇಶದವರು. ಹೆಸರು ನಿಕೊಲಾಯ್ ಮೆಟ್ನರ್.

ಈ ಹೆಸರನ್ನು ಕೇಳಿದವರು ಈ ಸಭೆಯಲ್ಲಿ ಬಹುಶಃ ಯಾರೂ ಇರಲಾರರು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಪಾಶ್ಚಾತ್ಯ ಸಂಗೀತದ ತವರಿನಲ್ಲಿಯೇ ಅನೇಕ ವರ್ಷಗಳ ಕಾಲ ಈ ಹೆಸರನ್ನು ಬಲ್ಲವರು ಬಹಳ ಕಡಿಮೆಯಾಗಿದ್ದರು.

ಮೆಟ್ನರ್ ಅವರು 1880ರ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದರು. ಅವರ ಪೂರ್ವಿಕರು ಜರ್ಮನ್ ಮೂಲದವರು. ಮಾಸ್ಕೋದ ಸಂಗೀತ ವಿದ್ಯಾಲಯದಲ್ಲಿ ಕಲಿತು 1900ರಲ್ಲಿ ಉನ್ನತ ಬಹುಮಾನದೊಂದಿಗೆ ತೇರ್ಗಡೆಯಾದರು. ಪಿಯಾನೊ ವಾದನದಲ್ಲಿ ಅವರಿಗೆ ಉಜ್ವಲ ಭವಿಷ್ಯವಿದೆಯೆಂದು ಎಲ್ಲರೂ ಎಣಿಸಿದ್ದರು. ಆದರೆ ಅವರು ಊರೂರು ತಿರುಗಿ ಚಪ್ಪಾಳೆ ಗಳಿಸುವ ಮಾರ್ಗವನ್ನು ಬಿಟ್ಟು, ಮನೆಯಲ್ಲಿ ಕುಳಿತು ರಚನೆ ಮಾಡುವ ಮಾರ್ಗವನ್ನು ಆರಿಸಿಕೊಂಡರು. ಅವರ ಸಮಕಾಲೀನರೂ ಮಿತ್ರರೂ ಆದ ರಖ್ಮಾನಿನೊವ್ ಅವರ ಹೆಸರು ಲೋಕಪ್ರಸಿದ್ಧವಾದುದು. ಆ ರಖ್ಮಾನಿನೊವ್ ಅವರೇ ಮೆಟ್ನರ್ ಅವರನ್ನು ತಮ್ಮ ಕಾಲದ ಅತ್ಯಂತ ಶ್ರೇಷ್ಠ ರಚನಕಾರರೆಂದು ಭಾವಿಸಿದ್ದರು; ತಮ್ಮ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಮೆಟ್ನರ್ ಅವರು ತಮ್ಮ ಎರಡನೆಯದನ್ನು ರಖ್ಮಾನಿನೊವ್ ಅವರಿಗೆ ಅರ್ಪಿಸಿದರು. ಕಾನ್ಸರ್ಟೊ ಎಂದರೆ ಒಂದು ವಾದ್ಯವು ಇಡೀ ವಾದ್ಯಮೇಳದೊಡನೆ ನಡೆಸುವ ಸಂವಾದ ಎಂದು ತಿಳಿಯಿರಿ. ನಮ್ಮ ಭಜನೆಯಲ್ಲಿ ಮುಂದಾಳು ಒಂದು ಸಾಲನ್ನು ಎತ್ತಿಕೊಟ್ಟರೆ ಮೇಳದವರು ಅದಕ್ಕೆ ಉತ್ತರ ಕೊಡುವಂತೆ.

ಹೀಗಿದ್ದರೂ ಲೋಕವು ಒಬ್ಬರನ್ನು ತಲೆಯ ಮೇಲೆ ಹೊತ್ತು ಇನ್ನೊಬ್ಬರನ್ನು ಮರೆತುದು ಏಕೆ? ಕಾರಣಗಳು ಹಲವು. ಮೊದಲನೆಯದು ಕಾಲದ ವೈಪರೀತ್ಯ. ರಷ್ಯದ ಕ್ರಾಂತಿಯ ನಂತರ 1921ರಲ್ಲಿ ಅವರು ಪತ್ನಿ ಆನ್ನಾ ಅವರೊಡನೆ ದೇಶವನ್ನು ಬಿಟ್ಟರು. ಜರ್ಮನಿ, ಫ್ರಾನ್ಸ್, ಕೊನೆಗೆ ಇಂಗ್ಲೆಂಡ್ ಎಂದು ನೆಲೆ ಬದಲಿಸುತ್ತ ಬಂದರು. ಎರಡನೆಯದು ಅವರ ಸ್ವಭಾವ. ಆ ಕಾಲದಲ್ಲಿ ಯೂರೋಪಿನ ಸಂಗೀತವು ಹಳೆಯ ಕಟ್ಟುಗಳನ್ನೆಲ್ಲ ಒಡೆದು ಹೊಸದನ್ನು ಹುಡುಕುತ್ತಿತ್ತು. ಮೆಟ್ನರ್ ಅವರು, ಸಂಗೀತದ ನಿಯಮಗಳು ಮನುಷ್ಯನ ಇಚ್ಛೆಗೆ ಬಂದಂತೆ ಬದಲಾಗತಕ್ಕವಲ್ಲ, ಅವು ಮೇಲಿನಿಂದ ಬಂದ ವರ ಎಂದು ನಂಬಿದವರು. ಈ ನಂಬಿಕೆಯನ್ನು ಅವರು 1935ರಲ್ಲಿ ಒಂದು ಪುಸ್ತಕವಾಗಿಯೂ ಬರೆದರು. ಅದರ ಪ್ರಕಟಣೆಗೆ ನೆರವಾದವರು ಅದೇ ರಖ್ಮಾನಿನೊವ್. ಹೊಸಬರಿಗೆ ಅವರು ಹಳಬರಾಗಿ ಕಂಡರು. ಮೂರನೆಯ ಕಾರಣ ಅವರ ಸಂಗೀತದಲ್ಲಿಯೇ ಇದೆ. ಅವರು ದೊಡ್ಡ ಸಿಂಫನಿಯನ್ನಾಗಲಿ ನಾಟಕಸಂಗೀತವನ್ನಾಗಲಿ ಬರೆಯಲಿಲ್ಲ. ಬರೆದುದೆಲ್ಲದರಲ್ಲಿಯೂ ಪಿಯಾನೊ ಇದ್ದೇ ಇದೆ: 14 ಸೊನಾಟಾಗಳು, ಮೂರು ಕಾನ್ಸರ್ಟೊಗಳು, ನೂರಕ್ಕೂ ಮಿಕ್ಕ ಗೀತೆಗಳು, ಮತ್ತು ರಷ್ಯನ್ ಭಾಷೆಯಲ್ಲಿ ‘ಕಥೆಗಳು’ ಎಂಬ ಅರ್ಥದ ಹೆಸರುಳ್ಳ ಅನೇಕ ಕಿರು ರಚನೆಗಳು. ಅದು ಬೆಡಗಿನಿಂದ ಕರೆಯುವ ಸಂಗೀತವಲ್ಲ. ನೀವಾಗಿ ಹತ್ತಿರ ಹೋಗಿ ಕುಳಿತರೆ ಮಾತ್ರ ಬಾಯಿ ಬಿಡುವ ಹಿರಿಯರಂಥದು.

ಇದು ನನ್ನ ಅನುಭವದ ಮಾತು. ಗುರುಮಠದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ನಮಗೆ ಹಾಡುಗಾರಿಕೆಯನ್ನು ಕಲಿಸುತ್ತಿದ್ದ ವೃದ್ಧ ಗುರುಗಳೊಬ್ಬರ ಬಳಿ ಒಂದು ಕ್ಯಾಸೆಟ್ ಇತ್ತು. ಅದರಲ್ಲಿ ಮೆಟ್ನರ್ ಅವರ ಒಂದು ಸೊನಾಟಾ ಇತ್ತು. ರಷ್ಯದ ಆ ಕಷ್ಟದ ವರ್ಷಗಳಲ್ಲಿ ಅವರು ತಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆರೆದು, ಯೌವನದಿಂದ ಗುರುತು ಹಾಕಿಕೊಂಡು ಬಂದು ಮರೆತೇಬಿಟ್ಟಿದ್ದ ಧಾಟಿಗಳನ್ನು ಎತ್ತಿಕೊಂಡು ‘ಮರೆತ ರಾಗಗಳು’ ಎಂಬ ಅರ್ಥದ ಹೆಸರಿನಲ್ಲಿ ಮೂರು ಮಾಲೆಗಳನ್ನು ಕಟ್ಟಿದರು. ಆ ಮಾಲೆಗಳ ಮೊದಲ ಮಣಿ ಈ ಸೊನಾಟಾ. ಅದರ ಹೆಸರಿಗೆ ‘ಸ್ಮರಣೆ’ ಎಂದು ಅರ್ಥ. ಅದು ಕಾಲು ಗಂಟೆಯಷ್ಟು ಅವಧಿಯ ರಚನೆ.

ಮೊದಲ ಸಲ ಕೇಳಿದಾಗ ನನ್ನ ಮನಸ್ಸಿನಲ್ಲಿ ಏನೂ ನಿಲ್ಲಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಯಿತು. ಗುರುಗಳು ಏನನ್ನೂ ವಿವರಿಸಲಿಲ್ಲ. ಮುಂದಿನ ವಾರ ಮತ್ತೆ ಅದನ್ನೇ ಹಾಕಿದರು. ಆಗ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತು. ಆರಂಭದಲ್ಲಿ ಅತಿ ಸರಳವಾದ ಒಂದು ಧಾಟಿ ಬರುತ್ತದೆ. ಯಾರೋ ಒಬ್ಬರು ಸಂಜೆಯಲ್ಲಿ ಕಟ್ಟೆಯ ಮೇಲೆ ಕುಳಿತು ತಮ್ಮಷ್ಟಕ್ಕೆ ತಾವು ಗುನುಗುವಂತೆ. ಆಮೇಲೆ ಸಂಗೀತವು ಬೇರೆ ದಾರಿಗಳನ್ನು ಹಿಡಿಯುತ್ತದೆ, ಕಳವಳಗೊಳ್ಳುತ್ತದೆ, ದೂರ ಹೋಗುತ್ತದೆ. ಇನ್ನು ಮರೆತೇಹೋಯಿತು ಎನ್ನುವಾಗ ನಡುವೆ ಅದೇ ಧಾಟಿ ಮರಳಿ ಬರುತ್ತದೆ. ಕೊನೆಯಲ್ಲಿ ಮತ್ತೊಮ್ಮೆ ಬರುತ್ತದೆ. ಸ್ವರಗಳು ಅವೇ, ಆದರೆ ಕೇಳುವ ನಾವು ಅವರೇ ಅಲ್ಲ. ನಡುವೆ ಬಂದುಹೋದ ದುಃಖವೆಲ್ಲ ಈಗ ಆ ಸರಳ ಧಾಟಿಯೊಳಗೆ ಕುಳಿತಿರುತ್ತದೆ. ನಮ್ಮ ಕೀರ್ತನೆಗಳಲ್ಲಿ ಪ್ರತಿಯೊಂದು ನುಡಿಯ ನಂತರ ಪಲ್ಲವಿ ಮರಳಿ ಬರುವಾಗ ಅದರ ಅರ್ಥವು ಹೆಚ್ಚುತ್ತ ಹೋಗುವುದನ್ನು ನೀವೆಲ್ಲರೂ ಬಲ್ಲಿರಿ. ಜಪಸರ ಮಾಡುವ ತಾಯಂದಿರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂದಿನಿಂದ ಈ ಸಂಗೀತದ ಮೇಲೆ ನನಗುಂಟಾದ ಪ್ರೀತಿ ನಲವತ್ತು ವರ್ಷಗಳಾದರೂ ಕಡಿಮೆಯಾಗಿಲ್ಲ.

ಕೆಲವು ತಿಂಗಳುಗಳ ಹಿಂದೆ ನಮ್ಮ ಹಾರ್ಮೋನಿಯಂ ನುಡಿಸುವ ಹುಡುಗನಿಗೆ ಇದನ್ನು ಮೊಬೈಲಿನಲ್ಲಿ ಕೇಳಿಸಿದೆ. ಅವನು ಸುಮ್ಮನೆ ಕೇಳಿ, ಹಾರ್ಮೋನಿಯಂ ಎಳೆದುಕೊಂಡು ಆ ಮೊದಲ ಧಾಟಿಯನ್ನು ಹುಡುಕತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, ‘ಫಾದರ್, ಕೈಗೆ ಸಿಕ್ಕಂಗಾಗಿ ತಪ್ಪಿಸ್ಕೊಂತೈತ್ರಿ ಇದು’ ಎಂದ. ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದರೂ ಮೆಟ್ನರ್ ಅವರ ಸಂಗೀತವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲಾರರು.

ಇನ್ನು ಅರಸರ ಕಥೆಗೆ ಬರೋಣ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು 1919ರಲ್ಲಿ ಹುಟ್ಟಿದರು. ಅರಮನೆಯಲ್ಲಿ ಕರ್ನಾಟಕ ಸಂಗೀತ ಹೇಗೋ ಹಾಗೆಯೇ ಪಾಶ್ಚಾತ್ಯ ಸಂಗೀತವೂ ನಿತ್ಯದ ಅನ್ನವಾಗಿತ್ತು. ಅವರ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಎರಡೂ ಪದ್ಧತಿಗಳ ವಾದ್ಯಮೇಳಗಳನ್ನು ಸಾಕಿದವರು. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಸ್ತಿಭಾರ ಹಾಕಿದವರೂ ಅವರೇ ಎಂಬುದನ್ನು ಕಥೋಲಿಕರಾದ ನಾವು ಕೃತಜ್ಞತೆಯಿಂದ ನೆನೆಯಬೇಕು. ಇಂಥ ಮನೆಯಲ್ಲಿ ಬೆಳೆದ ಜಯಚಾಮರಾಜರು ಪಿಯಾನೊವನ್ನು ಗಂಭೀರವಾಗಿ ಅಭ್ಯಾಸ ಮಾಡಿದರು. ಸಭೆಗಳಲ್ಲಿ ನುಡಿಸುವ ಪಿಯಾನೊ ವಾದಕರಾಗಬೇಕೆಂಬುದು ಅವರ ಎಳೆಯ ವಯಸ್ಸಿನ ಆಸೆಯಾಗಿತ್ತು. ಆದರೆ 1940ನೆಯ ವರ್ಷದಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಅವರ ತಂದೆಯವರೂ ದೊಡ್ಡಪ್ಪನವರೂ ತೀರಿಕೊಂಡರು. 21 ವರ್ಷದ ತರುಣರ ತಲೆಯ ಮೇಲೆ ಕಿರೀಟ ಬಂದು ಕುಳಿತಿತು. ಪಿಯಾನೊ ವಾದಕರಾಗುವ ಆಸೆ ಅಲ್ಲಿಗೆ ನಿಂತಿತು.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಬಯಸಿದ ಬಾಳು ದೊರೆಯದೆ ಬೇರೆ ಹೊಣೆಯನ್ನು ಹೊತ್ತವರು ನಮ್ಮಲ್ಲಿಯೂ ಅನೇಕರಿದ್ದಾರೆ. ಓದಬೇಕೆಂದಿದ್ದ ಮಗಳು ತಾಯಿ ಮಲಗಿದ್ದರಿಂದ ಒಲೆಯ ಮುಂದೆ ಕುಳಿತಳು. ಊರು ಬಿಟ್ಟು ಕಲಿಯಬೇಕೆಂದಿದ್ದ ಮಗ ತಂದೆಯ ಸಾಲಕ್ಕಾಗಿ ಹೊಲಕ್ಕೆ ಮರಳಿದ. ಹೀಗೆ ಮುಚ್ಚಿದ ಬಾಗಿಲ ಮುಂದೆ ಮನುಷ್ಯನು ಎರಡು ಬಗೆಯಾಗಿ ನಡೆದುಕೊಳ್ಳಬಹುದು. ತನಗೆ ದೊರೆಯದುದನ್ನು ದ್ವೇಷಿಸಬಹುದು. ಅಥವಾ ಅದು ಇನ್ನೊಬ್ಬರಿಗೆ ದೊರೆಯುವಂತೆ ಮಾಡಬಹುದು. ಮಹಾರಾಜರು ಎರಡನೆಯ ದಾರಿಯನ್ನು ಹಿಡಿದರು. ತಾವು ನುಡಿಸಲಾಗದ ಮೇಲೆ ಕೇಳುವವರಾದರು. ಸಾವಿರಾರು ಗ್ರಾಮಫೋನ್ ಪ್ಲೇಟುಗಳನ್ನು ಸಂಗ್ರಹಿಸಿ, ಲೋಕದಲ್ಲಿ ಯಾರ ಸಂಗೀತಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದು ಕಿವಿಗೊಟ್ಟು ಹುಡುಕಿದರು. ಹಾಗೆ ಅವರ ಹೃದಯವನ್ನು ಗೆದ್ದವರು ಮೆಟ್ನರ್.

ಆಗ ಮೆಟ್ನರ್ ಅವರ ಸ್ಥಿತಿ ಹೇಗಿತ್ತು? ಅವರ ಕೃತಿಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶಕರು ಜರ್ಮನಿಯವರು. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಆ ಕಡೆಯಿಂದ ಬರುತ್ತಿದ್ದ ಆದಾಯ ನಿಂತುಹೋಯಿತು. ಪಾಠ ಹೇಳಿ ಬರುವ ಹಣವೂ ಕಡಿಮೆಯಾಯಿತು. ಎಡ್ನಾ ಐಲ್ಸ್ ಎಂಬ ನಿಷ್ಠಾವಂತ ಶಿಷ್ಯೆಯ ಕುಟುಂಬದವರು ಯುದ್ಧಕಾಲದಲ್ಲಿ ಈ ವೃದ್ಧ ದಂಪತಿಗಳಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. 1942ರಲ್ಲಿ ಅವರಿಗೆ ಹೃದಯಾಘಾತವಾಯಿತು. ಆ ಕಷ್ಟದಲ್ಲಿಯೇ ಅವರು ತಮ್ಮ ಮೂರನೆಯ ಕಾನ್ಸರ್ಟೊವನ್ನು ಪೂರ್ಣಗೊಳಿಸಿದರು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಅದನ್ನು ತಾವೇ ನುಡಿಸಿದರು. ಯುದ್ಧ ಮುಗಿಯುವ ವೇಳೆಗೆ ಅವರ ವಯಸ್ಸು 65, ಹೃದಯ ದುರ್ಬಲ. ಅವರ ಬೆರಳುಗಳಲ್ಲಿದ್ದ ಸಂಗೀತವು ಅವರೊಡನೆಯೇ ಮಣ್ಣಾಗುವುದರಲ್ಲಿತ್ತು.

ಆಗ ಮೈಸೂರಿನಿಂದ ಮಾತು ಬಂದಿತು. ಮೆಟ್ನರ್ ಅವರ ಕೃತಿಗಳನ್ನು ಸಾಧ್ಯವಾದಷ್ಟು ಅವರಿಂದಲೇ ನುಡಿಸಿ ಮುದ್ರಿಸಬೇಕು; ಅದರ ವೆಚ್ಚವನ್ನು ಮಹಾರಾಜರು ವಹಿಸುತ್ತಾರೆ. ಈ ಕಾರ್ಯಕ್ಕಾಗಿ ಲಂಡನ್ನಿನಲ್ಲಿ ಮೆಟ್ನರ್ ಅವರ ಹೆಸರಿನ ಒಂದು ಸಂಘವೇ ಏರ್ಪಟ್ಟಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ ಮುದ್ರಣದ ಕೆಲಸವನ್ನು ಕೈಗೊಂಡಿತು. 1947ರಲ್ಲಿ, ನಮ್ಮ ದೇಶವು ಸ್ವಾತಂತ್ರ್ಯ ಪಡೆದ ಅದೇ ವರ್ಷದಲ್ಲಿ, ಮೂರೂ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯಮೇಳದೊಡನೆ ಆ ವೃದ್ಧರು ನುಡಿಸಿದರು. ಆಗಿನ ಪ್ಲೇಟಿನ ಒಂದು ಮುಖದಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಯುತ್ತಿರಲಿಲ್ಲ. ಅರ್ಧ ಗಂಟೆಯನ್ನು ಮೀರಿದ ಒಂದು ಕಾನ್ಸರ್ಟೊವನ್ನು ತುಂಡು ತುಂಡಾಗಿ ನುಡಿಸಿ, ತಪ್ಪಿದರೆ ಮತ್ತೆ ಆ ತುಂಡನ್ನು ಮೊದಲಿನಿಂದ ನುಡಿಸಬೇಕಾಗಿತ್ತು. ಹೃದ್ರೋಗಿಯಾದ ಮುದುಕರಿಗೆ ಅದು ಎಂಥ ಶ್ರಮವೆಂಬುದನ್ನು ಊಹಿಸಿರಿ. ಆದರೂ ಅವರು ಹಿಂಜರಿಯಲಿಲ್ಲ. ಬಹುಕಾಲದ ನಂತರ ಕೇಳುವವರೊಬ್ಬರು ದೊರೆತಿದ್ದರಲ್ಲವೇ! ಸೊನಾಟಾಗಳು, ಕಿರು ರಚನೆಗಳು, ಗೀತೆಗಳು ಒಂದೊಂದಾಗಿ ಮುದ್ರಿತವಾದವು. 1950ರಲ್ಲಿ ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರು ಹಾಡಿದ ಗೀತೆಗಳಿಗೆ ಮೆಟ್ನರ್ ಅವರೇ ಪಿಯಾನೊ ನುಡಿಸಿದರು. ಮರುವರ್ಷ, 1951ರ ನವೆಂಬರ್ 13ರಂದು, ಅವರು ಲಂಡನ್ನಿನಲ್ಲಿ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ನಮಗೆ ಇರುತ್ತಿರಲಿಲ್ಲ.

ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಅವರು ಮೈಸೂರಿನ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ಲೋಕದ ಯಾವ ಮೂಲೆಯಲ್ಲಿ ಆ ಕೃತಿಯ ಪುಸ್ತಕವನ್ನು ತೆರೆದರೂ ನಮ್ಮ ನಾಡಿನ ಹೆಸರು ಅದಕ್ಕೆ ಅಂಟಿಕೊಂಡೇ ಇರುತ್ತದೆ. ಅದು ರಷ್ಯದ ಕವಿ ಲೆರ್ಮೊಂತೊವ್ ಅವರ ಒಂದು ಕವಿತೆಯಿಂದ ಪ್ರೇರಿತವಾದುದು. ಕವಿತೆಯಲ್ಲಿ ನದಿಯ ತಳದಲ್ಲಿ ಮಲಗಿರುವ ಒಬ್ಬ ವೀರನಿದ್ದಾನೆ; ಜಲಕನ್ಯೆ ಎಷ್ಟು ಹಾಡಿದರೂ ಅವನು ಕಣ್ಣು ತೆರೆಯುವುದಿಲ್ಲ. ಮೆಟ್ನರ್ ಅವರಾದರೋ ಅವನನ್ನು ನಿದ್ರೆಯಲ್ಲಿಯೇ ಬಿಡಲಿಲ್ಲ. ಅವರ ಸಂಗೀತದಲ್ಲಿ ಮಾನವನ ಆತ್ಮವು ಎಚ್ಚರಗೊಂಡು ಮೇಲೇಳುತ್ತದೆ. ಪುನರುತ್ಥಾನವನ್ನು ನಂಬುವ ನಮಗೆ ಇದು ಪರಿಚಿತವಾದ ದಾರಿ.

ಈ ಅರಸರ ಔದಾರ್ಯ ಇಷ್ಟಕ್ಕೇ ನಿಲ್ಲಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಭೆಯ ಮೊದಲ ಅಧ್ಯಕ್ಷರಾದವರು ಅವರು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರೌಸ್ ಅವರು ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದುದೂ ಅವರ ಧನಸಹಾಯದಿಂದಲೇ. ಹಾಗೆಂದು ಪರದೇಶದ ಸಂಗೀತಕ್ಕೆ ಮನಸೋತು ತಮ್ಮದನ್ನು ಅವರು ಬಿಟ್ಟವರಲ್ಲ. ವೈಣಿಕ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ಕರ್ನಾಟಕ ಸಂಗೀತದಲ್ಲಿ ತಾವೇ 94 ಕೃತಿಗಳನ್ನು ರಚಿಸಿದರು. ಪರರ ರಾಗವನ್ನು ಪ್ರೀತಿಸಿದವನಿಗೆ ತನ್ನ ರಾಗ ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ.

ಅಂದಿನ ದಿನಗಳಲ್ಲಿ ನಮ್ಮ ರಾಯಚೂರು ಸೀಮೆ ಮೈಸೂರಿನ ಅರಸರ ಆಳ್ವಿಕೆಯಲ್ಲಿರಲಿಲ್ಲ. ನಿಜಾಮರ ಹೈದರಾಬಾದಿಗೆ ಸೇರಿತ್ತು. ಆದರೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಆ ಹೊಸ ರಾಜ್ಯದ ರಾಜ್ಯಪಾಲರಾದವರು ಇದೇ ಜಯಚಾಮರಾಜ ಒಡೆಯರ್. ಆದುದರಿಂದ ಕವಿತಾಳದ ನಮ್ಮ ಹಿರಿಯರಿಗೂ ಅವರು ಪರಕೀಯರೇನಲ್ಲ. 1974ರಲ್ಲಿ ಅವರು ನಿಧನರಾದರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹಸಿದವರು ತುಂಬಿದ್ದ ನಾಡಿನಿಂದ ದೂರದೇಶದ ಒಬ್ಬ ಪಿಯಾನೊ ವಾದಕರಿಗೆ ಹಣವನ್ನು ಕಳುಹಿಸಬೇಕಾಗಿತ್ತೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಚಿಕ್ಕ ರೂಪದಲ್ಲಿ ಅದು ನಮ್ಮ ಧರ್ಮಕೇಂದ್ರದಲ್ಲಿಯೂ ಎದ್ದಿದೆ. ಹೊಸ ಹಾರ್ಮೋನಿಯಂ ಕೊಳ್ಳುವ ಮಾತು ಬಂದಾಗ, ಸೋರುವ ಮಾಳಿಗೆಯನ್ನು ಮೊದಲು ಸರಿಪಡಿಸಬಾರದೇ ಎಂದು ಕೇಳಿದವರಿದ್ದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿದಾಗಲೂ ಇದೇ ಪ್ರಶ್ನೆ ಎದ್ದಿತು. ಸ್ವಾಮಿಯವರು ಬಡವರನ್ನು ಮರೆಯಲಿಲ್ಲ; ಆದರೆ ಪ್ರೀತಿಯ ಆ ಕಾರ್ಯವನ್ನು ತಡೆಯಲೂ ಇಲ್ಲ. ರೊಟ್ಟಿಯನ್ನೂ ಹಾಡನ್ನೂ ಎದುರುಬದುರಾಗಿ ನಿಲ್ಲಿಸಿ ಒಂದನ್ನು ಆರಿಸು ಎಂದು ಹೇಳುವುದು ನಮ್ಮ ಧರ್ಮವಲ್ಲ. ಬಡವನಿಗೆ ರೊಟ್ಟಿ ಸಾಕು, ಹಾಡು ಬೇಡ ಎನ್ನುವವನು ಬಡವನನ್ನು ಅರ್ಧ ಮನುಷ್ಯನೆಂದು ಎಣಿಸಿದಂತಾಗುತ್ತದೆ.

ಮೆಟ್ನರ್ ಅವರು ಇದನ್ನು ಬಲ್ಲವರಾಗಿದ್ದರು. ಅವರ ಕೊನೆಯ ದೊಡ್ಡ ಕೃತಿ ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಪಂಚವಾದ್ಯ ರಚನೆ. ಸುಮಾರು 1903ರಲ್ಲಿ ಆರಂಭಿಸಿದ ಆ ಕೃತಿಯನ್ನು ಅವರು ಪೂರ್ಣಗೊಳಿಸಿದ್ದು 1949ರಲ್ಲಿ! ಅದರ ಮೊದಲ ಭಾಗದಲ್ಲಿ, ಹಸಿದವರಿಗೆ ತೃಪ್ತಿಯನ್ನು ವಾಗ್ದಾನ ಮಾಡುವ ಲೂಕನ ಶುಭಸಂದೇಶದ ವಾಕ್ಯವನ್ನು ಅವರು ಸ್ವರಗಳಿಗೆ ಜೊತೆಗೂಡಿಸಿದ್ದಾರೆ. ಎರಡನೆಯ ಭಾಗದಲ್ಲಿ ಪಾಪಕ್ಷಮೆಯನ್ನು ಬೇಡುವ 25ನೆಯ ಕೀರ್ತನೆಯ ಮೊರೆಯಿದೆ. ಅವನ್ನು ಯಾರೂ ಹಾಡುವುದಿಲ್ಲ. ವಾದ್ಯಗಳೇ ಅವುಗಳನ್ನು ಧ್ಯಾನಿಸುತ್ತವೆ. ನಲವತ್ತಾರು ವರ್ಷಗಳ ಕಾಲ ಒಬ್ಬ ಮನುಷ್ಯನು ಒಂದು ಪ್ರಾರ್ಥನೆಯನ್ನು ಎದೆಯಲ್ಲಿಟ್ಟುಕೊಂಡು, ಆತುರಪಡದೆ, ಕೈಬಿಡದೆ ಮುಗಿಸಿದನೆಂದರೆ ಅದು ಭಕ್ತಿಯಲ್ಲದೆ ಮತ್ತೇನು?

ಮೆಟ್ನರ್ ಅವರ ನಿಧನದ ನಂತರ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಪತ್ನಿ ಆನ್ನಾ ಅವರು 1958ರಲ್ಲಿ ಗಂಡನ ಹಸ್ತಪ್ರತಿಗಳೊಡನೆ ರಷ್ಯಕ್ಕೆ ಮರಳಿದರು. 1959ರಿಂದ 1963ರವರೆಗೆ ಮಾಸ್ಕೋದಲ್ಲಿ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಚ್ಚಾದವು. ಮುಂದೆ ಎಮಿಲ್ ಗಿಲೆಲ್ಸ್ ಅವರಂಥ ಹಿರಿಯ ವಾದಕರು ಆ ಸ್ಮರಣೆಯ ಸೊನಾಟಾವನ್ನು ಸಭೆಗಳಲ್ಲಿ ನುಡಿಸಿದರು. ಮೂರೂ ಕಾನ್ಸರ್ಟೊಗಳನ್ನು ಮುದ್ರಿಸಿದ ಆಸ್ಟ್ರೇಲಿಯದ ಜೆಫ್ರಿ ಟೋಜರ್ ಅವರು ಹುಟ್ಟಿದ್ದು ನಮ್ಮ ದೇಶದ ಮಸ್ಸೂರಿಯಲ್ಲಿ. ಇಂದು ಲೋಕದಾದ್ಯಂತ ಈ ಸಂಗೀತವನ್ನು ನುಡಿಸುವ ಯುವಕರಿದ್ದಾರೆ. ಅದನ್ನು ರಚಿಸಿದವರು ಹೇಗೆ ನುಡಿಸುತ್ತಿದ್ದರು ಎಂದು ತಿಳಿಯಬೇಕಾದಾಗ ಅವರೆಲ್ಲರೂ ತೆರೆಯುವುದು ಮೈಸೂರಿನ ಹಣದಿಂದ ತಯಾರಾದ ಆ ಪ್ಲೇಟುಗಳ ಬುತ್ತಿಯನ್ನೇ.

ಪ್ರಿಯರೇ, ಇಷ್ಟು ದೂರದ ಕಥೆಯನ್ನು ನಾನು ಹೇಳಿದ್ದು ನಿಮ್ಮ ಮನೆಗಳಲ್ಲಿ ಪಿಯಾನೊ ತರಿಸುವುದಕ್ಕಲ್ಲ. ನಮ್ಮ ಹತ್ತಿರದಲ್ಲಿಯೇ ಇರುವುದನ್ನು ತೋರಿಸುವುದಕ್ಕೆ. ನಮ್ಮ ಸೀಮೆ ಹಾಡಿನ ಸೀಮೆ. ದಾಸಪರಂಪರೆಯ ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇಲ್ಲಿಂದ ದೂರವಿಲ್ಲ. ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು ನಮ್ಮ ಮಾನ್ವಿಯವರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರುಕಲ್ಲಿನವರು. ಅವರ ಹಾಡುಗಳು ಇನ್ನೂರು ಮುನ್ನೂರು ವರ್ಷಗಳನ್ನು ದಾಟಿ ಬಂದುದು ಹೇಗೆ? ಶಿಷ್ಯರು ಬರೆದಿಟ್ಟರು, ತಾಯಂದಿರು ಬಾಯಿಂದ ಬಾಯಿಗೆ ದಾಟಿಸಿದರು. ನೆರೆಯ ಸಹೋದರರು ತಮ್ಮ ಹಾಡುಗಳನ್ನು ಕಾಪಾಡಿಕೊಂಡ ಶ್ರದ್ಧೆಯಿಂದ ನಾವು ಕಲಿಯಬೇಕಾದುದಿದೆ.

ನಮ್ಮದರ ಗತಿ ಏನಾಗಿದೆ? ಈ ನೂರು ವರ್ಷಗಳಲ್ಲಿ ನಮ್ಮ ಉಪದೇಶಿಗಳು ಅಕ್ಷರ ಬಾರದ ಜನರಿಗೆ ಜ್ಞಾನೋಪದೇಶವನ್ನು ಹಾಡಿನಲ್ಲಿಯೇ ಕಲಿಸಿದರು. ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಗೆ ಹಾಡುವ ಧಾಟಿಗಳು, ಕ್ರಿಸ್ತಜಯಂತಿಯ ಭಜನೆಗಳು, ಸತ್ತವರ ಮನೆಯಲ್ಲಿ ರಾತ್ರಿಯೆಲ್ಲ ಕುಳಿತು ಹೇಳುವ ಪದಗಳು, ಇವುಗಳನ್ನು ಕಟ್ಟಿದವರು ಯಾರು? ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ಸಾಹಿತ್ಯವು ಅಲ್ಲಲ್ಲಿ ಹಳೆಯ ನೋಟ್‌ಬುಕ್ಕುಗಳಲ್ಲಿದೆ. ರಾಗವಾದರೋ ಕೆಲವು ವೃದ್ಧ ತಾಯಂದಿರ ಕಂಠದಲ್ಲಿ ಮಾತ್ರ ಇದೆ. ಕಳೆದ ಮಳೆಗಾಲದಲ್ಲಿ ಅಂಥ ಒಬ್ಬ ಅಜ್ಜಿಯ ಅಂತ್ಯಸಂಸ್ಕಾರವನ್ನು ನಾನೇ ನೆರವೇರಿಸಿದೆ. ಆಕೆ ಪವಿತ್ರ ಶುಕ್ರವಾರದಂದು ಹಾಡುತ್ತಿದ್ದ ಮಾತೆ ಮರಿಯಮ್ಮನವರ ಅಳಲಿನ ಪದವನ್ನು ಪೂರ್ತಿಯಾಗಿ ಬಲ್ಲವರು ಈಗ ನಮ್ಮಲ್ಲಿ ಇಬ್ಬರೇ. ಆ ಇಬ್ಬರೂ ಎಂಬತ್ತನ್ನು ದಾಟಿದವರು. ಇತ್ತ ನಮ್ಮ ತರುಣರು ಬೇರೆಡೆಗಳಲ್ಲಿ ತಯಾರಾದ ಸಿದ್ಧ ಸಂಗೀತವನ್ನು ಧ್ವನಿವರ್ಧಕಕ್ಕೆ ಜೋಡಿಸಿ ಅದರ ಮೇಲೆ ಹಾಡುತ್ತಾರೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರ ಗದ್ದಲದಲ್ಲಿ ಅಜ್ಜಿಯ ಪದ ಕೇಳಿಸುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ, ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನವನ್ನೂ ಗೌರವವನ್ನೂ ಕೊಡಬೇಕೆಂದು ಆದೇಶಿಸಿದೆ. ಧರ್ಮಸಭೆಯು ಬಾಗಿಲನ್ನು ತೆರೆದಿದೆ. ಒಳಗೆ ತರಬೇಕಾದವರು ನಾವು.

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ನಿಮ್ಮಿಂದ ಮೂರು ಕೆಲಸಗಳನ್ನು ಬೇಡುತ್ತೇನೆ. ಮೊದಲನೆಯದಾಗಿ, ಗಾನವೃಂದದ ತರುಣರು ಇಬ್ಬಿಬ್ಬರಾಗಿ ಹಿರಿಯರ ಮನೆಗಳಿಗೆ ಹೋಗಿ ಅವರಿಗೆ ನೆನಪಿರುವ ಪದಗಳನ್ನೆಲ್ಲ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ. ಮಹಾರಾಜರಿಗೆ ಒಂದು ದೊಡ್ಡ ಸಂಸ್ಥೆಯೂ ಬಹಳ ಹಣವೂ ಬೇಕಾಗಿದ್ದ ಕೆಲಸವನ್ನು ಇಂದು ನಿಮ್ಮ ಜೇಬಿನೊಳಗಿನ ಯಂತ್ರವೇ ಮಾಡುತ್ತದೆ. ಅವರು ಕೆಮ್ಮಿದರೆ, ನಡುವೆ ಮರೆತರೆ ಅವಸರಪಡಿಸಬೇಡಿ, ಕಾದು ಕುಳಿತುಕೊಳ್ಳಿ. ಎರಡನೆಯದಾಗಿ, ಪದವನ್ನು ಬರೆದಿಡುವಾಗ ಅದನ್ನು ಕಟ್ಟಿದವರು ಯಾರು, ಕಲಿಸಿದವರು ಯಾರು ಎಂದು ಕೇಳಿ, ತಿಳಿದಷ್ಟು ಹೆಸರುಗಳನ್ನು ಜೊತೆಗೆ ಬರೆಯಿರಿ. ಮೂರನೆಯದಾಗಿ, ತಿಂಗಳಿಗೆ ಒಂದು ಭಾನುವಾರವಾದರೂ ಬಲಿಪೂಜೆಗೆ ತಕ್ಕದಾದ ಒಂದು ಹಳೆಯ ಹಾಡನ್ನು ಕಲಿತು ದೇವಾಲಯದಲ್ಲಿ ಹಾಡಿರಿ. ಪೆಟ್ಟಿಗೆಯಲ್ಲಿಟ್ಟ ಹಾಡು ಪ್ರೇತದಂತೆ. ಬಾಯಿಗೆ ಬಂದಾಗಲೇ ಅದಕ್ಕೆ ಜೀವ.

ಹಾಡದ ಉಳಿದವರಿಗೂ ಒಂದು ಕೆಲಸವಿದೆ. ಸೌಲ ಅರಸನು ಕಳವಳಗೊಂಡಾಗ ತರುಣ ದಾವೀದನು ಕಿನ್ನರಿಯನ್ನು ನುಡಿಸುತ್ತಿದ್ದನು; ಕೇಳುತ್ತಿದ್ದಷ್ಟು ಕಾಲ ಸೌಲನಿಗೆ ಶಾಂತಿಯಿತ್ತು. ಮತ್ಸರವು ಕಿವಿಯನ್ನು ಮುಚ್ಚಿದಾಗ ಅವನ ಕೈಗೆ ಈಟಿ ಬಂದಿತು. ಕೇಳುವುದನ್ನು ಬಿಟ್ಟ ಮನೆಯಲ್ಲಿಯೂ ಹೀಗೆಯೇ, ಧರ್ಮಕೇಂದ್ರದಲ್ಲಿಯೂ ಹೀಗೆಯೇ. ಗಂಡ ಹೆಂಡತಿಯ ಮಾತನ್ನು, ಸೊಸೆ ಅತ್ತೆಯ ಮಾತನ್ನು, ಮಗ ತಂದೆಯ ಮೌನವನ್ನು ಮೂರನೆಯ ಸಲವೂ ಸಹನೆಯಿಂದ ಕೇಳಿದರೆ ಅದರೊಳಗಿನ ಧಾಟಿ ಕೇಳಿಸೀತು. ಮೊದಲ ಸಲಕ್ಕೆ ಹಿಡಿಸದಿದ್ದುದರಲ್ಲಿ ದೇವರು ಬಚ್ಚಿಟ್ಟಿರುವ ನಿಧಿಗಳು ಬಹಳ.

ನಮ್ಮ ಪ್ರಾರ್ಥನೆಗಳನ್ನು ಬೇಸರವಿಲ್ಲದೆ ಎಂದೆಂದಿಗೂ ಕೇಳುವ ತಂದೆಯಾದ ದೇವರು ನಮಗೂ ಕೇಳುವ ಕಿವಿಯನ್ನು ದಯಪಾಲಿಸಲಿ. ಸಂತ ಸಿಸಿಲಿಯಾ ನಮಗಾಗಿ ಪ್ರಾರ್ಥಿಸಲಿ. ಬರುವ ತಪಸ್ಸುಕಾಲದೊಳಗೆ ಆ ಅಳಲಿನ ಪದವನ್ನು ನಮ್ಮ ಮಕ್ಕಳು ಕಲಿತಿರಲಿ ಎಂದು ಹಾರೈಸುತ್ತೇನೆ.